ಅಪ್ಪನ ಫಿಯೆಟ್: ಬಾನೆಟ್ ಒಳಗಿನ ಹಳೇ ಸಾಮಾನು ಬಿಸಾಕದೆ ಉಳಿಸಿಕೊಳ್ಳೋದು ಹೇಗೆ?

ಗುಬ್ಬಿಗೇಟ್_ಫಿಯೆಟ್ (ತುಮಕೂರು)

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ 1987ರ ಪ್ರೀಮಿಯರ್ ಪದ್ಮಿನಿ ಇದೆ. ಮನೆಯಲ್ಲಿ ಯಾರೂ ಪದ್ಮಿನಿ ಅನ್ನುವುದಿಲ್ಲ, ಫಿಯೆಟ್ ಅಂತಲೇ ಕರೆಯುವುದು. ಅಪ್ಪ ಹೈಸ್ಕೂಲಿನಲ್ಲಿ ಗಣಿತ ಮೇಷ್ಟ್ರು. ಸಾಲ ಮಾಡಿ ತೆಗೆದುಕೊಂಡ ಕಾರು ಇದು. ಆರು ವರ್ಷದಿಂದ ಶೀಟಿನ ಶೆಡ್ಡಿನಲ್ಲಿ ಸುಮ್ನೆ ನಿಂತಿತ್ತು. ಹೋದ ತಿಂಗಳು ಮೆಕ್ಯಾನಿಕ್ ಕರೆಸಿ ಟ್ಯಾಂಕ್ ತೊಳೆಸಿ ಹೊಸ ಬ್ಯಾಟರಿ ಹಾಕಿಸಿದೆ. ಸ್ಟಾರ್ಟ್ ಆಯಿತು. ಸದ್ದೂ ಚೆನ್ನಾಗಿದೆ.

ತೊಂದರೆ ಇರುವುದು ಬಾನೆಟ್ ಒಳಗೆ. ಎಣ್ಣೆ, ಧೂಳು ಸೇರಿ ಹಳೇ ಕಾವಲಿಯ ಕರಕಿನ ಹಾಗೆ ಗಟ್ಟಿಯಾಗಿ ಕೂತಿದೆ. ಬ್ರಾಕೆಟ್, ಬೋಲ್ಟು, ಕ್ಲಿಪ್ಪು ಎಲ್ಲ ತುಕ್ಕು. ಬ್ಯಾಟರಿ ಕೂರುವ ತಗಡಿನಲ್ಲಿ ಎರಡು ತೂತು ಬಿದ್ದಿವೆ. ಮೆಕ್ಯಾನಿಕ್ ಹೇಳುವುದು ಒಂದೇ ಮಾತು: "ಎಲ್ಲ ಬಿಚ್ಚಿ ಗುಜರಿಗೆ ಹಾಕಿ ಮೇಡಂ, ಬೆಂಗಳೂರಿನ ಜೆ.ಸಿ. ರೋಡಿನಿಂದ ಹೊಸದು ತರೋಣ, ಸಿಗದೇ ಇದ್ದದ್ದಕ್ಕೆ ಕಪ್ಪು ಬಣ್ಣ ಹೊಡೆಯೋಣ, ಎರಡು ದಿನದ ಕೆಲಸ."

ನನಗೆ ಮನಸ್ಸು ಬರುತ್ತಿಲ್ಲ. ಕಾರಣ ಹೇಳುತ್ತೇನೆ. ಏರ್ ಫಿಲ್ಟರ್ ಡಬ್ಬದ ಮುಚ್ಚಳದ ಮೇಲೆ ಅಪ್ಪ ಸಣ್ಣ ಬ್ರಷ್ಷಿನಲ್ಲಿ ಬಿಳಿ ಪೇಂಟಿನಿಂದ ಆಯಿಲ್ ಬದಲಾಯಿಸಬೇಕಾದ ಕಿಲೋಮೀಟರ್ ಬರೆದಿದ್ದಾರೆ. 41,260. ಅದರ ಕೆಳಗೆ 43,300. ಹೀಗೆ ಮೂರು ಸಾಲಿನಲ್ಲಿ, ಹಾಜರಿ ಪುಸ್ತಕದ ಹಾಗೆ. ಕೆಲಸ ಆದ ಮೇಲೆ ಪ್ರತಿ ಅಂಕಿಯ ಮೇಲೂ ಒಂದು ಗೀಟು. ಕೊನೆಯದು 88,140. ಅದರ ಸುತ್ತ ಈಗ ತುಕ್ಕು ಹತ್ತಿದೆ. ಅದನ್ನು ಬಿಸಾಕಿ ಹೊಸ ಡಬ್ಬ ಹಾಕಲು ನನ್ನಿಂದ ಆಗುವುದಿಲ್ಲ.

ಮನೆಯಲ್ಲೇ ಮಾಡಬಹುದಾ? ಯಾವುದನ್ನು ಯಾವುದರಿಂದ ತೊಳೆಯಬೇಕು? ಅಪ್ಪನಿಗೆ ಈಗ 79. ಕುರ್ಚಿ ಹಾಕಿಕೊಂಡು ಕೂತು ನೋಡುತ್ತಾರೆ, ಓಡಿಸಲು ಆಗುವುದಿಲ್ಲ.

ಶಿರಾ_ರೋಡ್

ಸರ್ವೀಸ್ ಸ್ಟೇಷನ್‌ಗೆ ಬಿಡಿ ಮೇಡಂ. ಪ್ರೆಷರ್‌ನಲ್ಲಿ ನೀರು ಹೊಡೆದು ಮೇಲೆ ಡೀಸೆಲ್ ಸ್ಪ್ರೇ ಮಾಡಿಕೊಡುತ್ತಾರೆ. ಅರ್ಧ ಗಂಟೆ. ಪಳಪಳ ಅನ್ನುತ್ತದೆ.

ಚಿಂತಾಮಣಿ_800

ದಯವಿಟ್ಟು ಡೀಸೆಲ್ ಸ್ಪ್ರೇ ಮಾತ್ರ ಬೇಡ. ಆ ಪಳಪಳ ನಾಲ್ಕು ದಿನ. ಆಮೇಲೆ ನಮ್ಮೂರ ರಸ್ತೆಯ ಧೂಳೆಲ್ಲ ಅದೇ ಜಿಡ್ಡಿಗೆ ಅಂಟಿಕೊಂಡು ಮೊದಲಿಗಿಂತ ಜಾಸ್ತಿ ಗಲೀಜಾಗುತ್ತದೆ. ರಬ್ಬರ್ ಹೋಸು, ಬೆಲ್ಟು ಎಲ್ಲ ಉಬ್ಬಿ ಮೆತ್ತಗಾಗುತ್ತವೆ. ಬಿಸಿ ಸೈಲೆನ್ಸರ್ ಪಕ್ಕದಲ್ಲಿ ಡೀಸೆಲ್ ಸವರಿಕೊಂಡು ಓಡಾಡುವುದು ಬೆಂಕಿ ಜೊತೆ ಆಟ. ನನ್ನ ಮಾರುತಿಯ ಫ್ಯಾನ್ ಬೆಲ್ಟ್ ಒಂದು ವಾಶ್ ಆದ ಮೇಲೆ ಜಾರಲು ಶುರುವಾಯಿತು, ಕೈವಾರದ ಹತ್ತಿರ ರಾತ್ರಿ ಚಾರ್ಜ್ ಇಲ್ಲದೆ ನಿಂತೆ.

ಶಿರಾ_ರೋಡ್

ಇಪ್ಪತ್ತು ವರ್ಷದಿಂದ ಎಲ್ಲರೂ ಮಾಡಿಸುತ್ತಿದ್ದಾರೆ. ಲಾರಿಯವರೆಲ್ಲ ಮಾಡಿಸುತ್ತಾರೆ. ಅವೆಲ್ಲ ಹಾಳಾಗಿವೆಯಾ?

ಕೆಜಿಎಫ್_ಫಿಟ್ಟರ್

ಲಾರಿಯವರು ಷಾಸಿಗೆ ಮಾಡಿಸುತ್ತಾರೆ, ತುಕ್ಕು ಹಿಡಿಯಬಾರದು ಅಂತ. ಎಂಜಿನ್‌ಗೆ ಅಲ್ಲ. ಅದು ಬೇರೆ, ಇದು ಬೇರೆ.

ತಾಯೀ, ನಾನು 34 ವರ್ಷ ಫಿಟ್ಟರ್ ಕೆಲಸ ಮಾಡಿ ರಿಟೈರ್ ಆದವನು. ನಿಮ್ಮ ಪ್ರಶ್ನೆಗೆ ಉತ್ತರ ತೊಳೆಯುವುದರಿಂದ ಶುರುವಾಗುವುದಿಲ್ಲ, ಗುರುತಿಸುವುದರಿಂದ ಶುರುವಾಗುತ್ತದೆ. ಒಂದು ಆಯಸ್ಕಾಂತ ತೆಗೆದುಕೊಳ್ಳಿ, ಹಳೇ ಸ್ಪೀಕರ್‌ದು ಸಾಕು. ಒಂದೊಂದಕ್ಕೂ ಮುಟ್ಟಿಸಿ. ಅಂಟಿಕೊಂಡರೆ ಕಬ್ಬಿಣ. ಅಂಟದೆ ಬಿಳಿಯಾಗಿ ಹಗುರವಾಗಿದ್ದರೆ ಅಲ್ಯೂಮಿನಿಯಂ. ಫಿಯೆಟ್‌ನಲ್ಲಿ ಎಂಜಿನ್ ಬ್ಲಾಕ್ ಕಬ್ಬಿಣ, ಅದರ ಮೇಲೆ ಕೂರುವ ಹೆಡ್ ಅಲ್ಯೂಮಿನಿಯಂ, ಅದು ನೆನಪಿರಲಿ. ಅಂಟದೆ ಭಾರವಾಗಿದ್ದು ಬೂದು ಬಣ್ಣ ಇದ್ದರೆ ಸತುವಿನ ಮಿಶ್ರ ಲೋಹ, ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬೊರೇಟರ್ ಅದರದ್ದೇ. ಹಳದಿ, ಕೆಂಪು ಇದ್ದರೆ ಹಿತ್ತಾಳೆ, ತಾಮ್ರ. ನಾಲ್ಕು ಬಕೆಟ್ ಇಡಿ, ಬೇರೆ ಬೇರೆ ಹಾಕಿ. ಒಂದಕ್ಕೆ ಅಮೃತ ಆದದ್ದು ಇನ್ನೊಂದಕ್ಕೆ ವಿಷ.

ಜಿಡ್ಡು ತೆಗೆಯುವುದಕ್ಕೆ ಮಾತ್ರ ನಾಲ್ಕಕ್ಕೂ ಒಂದೇ ಮದ್ದು: ಸೀಮೆಎಣ್ಣೆ, ಹಳೇ ಪೇಂಟ್ ಬ್ರಷ್, ತಾಳ್ಮೆ. ಗಟ್ಟಿಯಾದ ಕಡೆ ಮರದ ಚಕ್ಕೆಯಿಂದ ಕೆರೆಯಿರಿ, ಸ್ಕ್ರೂಡ್ರೈವರ್‌ನಿಂದ ಬೇಡ, ಗೀರು ಬೀಳುತ್ತದೆ. ಸೀಮೆಎಣ್ಣೆ ಸಿಗದಿದ್ದರೆ ಬಿಚ್ಚಿದ ಭಾಗಕ್ಕೆ ಡೀಸೆಲ್ ಆಗಬಹುದು, ಆದರೆ ಆಮೇಲೆ ಸೋಪಿನ ನೀರಿನಲ್ಲಿ ಪೂರ್ತಿ ತೊಳೆಯಬೇಕು. ಪೆಟ್ರೋಲ್ ಮುಟ್ಟಬೇಡಿ. ಅದರ ಹಬೆ ನೆಲದ ಮೇಲೆ ಹರಿದುಕೊಂಡು ಹೋಗಿ ದೂರದಲ್ಲಿರುವ ಒಲೆಯಿಂದಲೂ ಬೆಂಕಿ ಹತ್ತಿಸಿಕೊಳ್ಳುತ್ತದೆ.

ಮಾಲೂರು_ಮಾತು

ಫಿಟ್ಟರ್ ಸಾರ್ ಬಂದರು. ಇನ್ನು ಈ ಚರ್ಚೆ ದಾರಿಗೆ ಬರುತ್ತದೆ.

ಚಿಂತಾಮಣಿ_800

ಬಕೆಟ್ ಬೇರೆ ಮಾಡುವುದು ಯಾಕೆ ಅಂತ ನನ್ನ ಅನುಭವ ಕೇಳಿ. ಮಾರುತಿಯ ಹೆಡ್‌ನಿಂದ ನೀರು ಹೊರಗೆ ಬರುವ ಕಡೆ ಮೊಣಕೈ ಥರ ಬಾಗಿದ ಒಂದು ಅಲ್ಯೂಮಿನಿಯಂ ಕೊಳವೆ ಇರುತ್ತದೆ. ಅದರ ಮೇಲೆ ಮಸಿ ಜಾಸ್ತಿ ಇತ್ತು. ಯಾರೋ ಕಾಸ್ಟಿಕ್ ಸೋಡಾ ಹಾಕಿ ಅಂದರು. ಹಾಕಿದೆ. ಬಿಸಿ ನೀರಿನಲ್ಲಿ ಬೇರೆ. ಐದು ನಿಮಿಷಕ್ಕೆ ಬಕೆಟ್ ಕುದಿಯುವ ಹಾಗೆ ನೊರೆ ಬಂತು. ತೆಗೆದು ನೋಡಿದರೆ ಕಪ್ಪಗೆ, ಮೈತುಂಬ ಸಣ್ಣ ಸಣ್ಣ ಗುಳಿ, ಗ್ಯಾಸ್ಕೆಟ್ ಕೂರುವ ಜಾಗ ಜೇನುಗೂಡಿನ ಹಾಗೆ ಆಗಿತ್ತು. ಆ ಭಾಗ ಹೋಯಿತು.

ಕೆಮಿಸ್ಟ್ರಿ_ಶಿಡ್ಲಘಟ್ಟ

ಕಾಸ್ಟಿಕ್ ಸೋಡಾ ಅಲ್ಯೂಮಿನಿಯಂ ಅನ್ನು ಕರಗಿಸುತ್ತದೆ, ನೊರೆಯಾಗಿ ಬಂದದ್ದು ಹೈಡ್ರೋಜನ್. ಕಿಡಿ ತಾಗಿದ್ದರೆ ಇನ್ನೂ ದೊಡ್ಡ ಅನಾಹುತ ಆಗುತ್ತಿತ್ತು. ಬಾತ್ರೂಮ್ ತೊಳೆಯುವ ಆಸಿಡ್ಡೂ ಅಷ್ಟೇ. ಅಲ್ಯೂಮಿನಿಯಂ, ಸತು ಎರಡನ್ನೂ ತಿನ್ನುತ್ತದೆ. ಆ ಡಬ್ಬದ ಮುಚ್ಚಳ ತೆಗೆದು ಶೆಡ್ಡಿನಲ್ಲಿ ಇಟ್ಟರೂ ಸಾಕು, ಹಬೆಯಿಂದಲೇ ಅಕ್ಕಪಕ್ಕದ ಸ್ಪ್ಯಾನರ್‌ಗಳೆಲ್ಲ ಮರುದಿನಕ್ಕೆ ತುಕ್ಕು ಹಿಡಿದಿರುತ್ತವೆ.

ಕಬ್ಬಿಣದ ತುಕ್ಕಿಗೆ ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಮ್ಲ, ಒಳ್ಳೆಯದು. ದಿನಸಿ ಅಂಗಡಿಯಲ್ಲೇ ಸಿಗುತ್ತದೆ. ಒಂದು ಲೀಟರ್ ನೀರಿಗೆ 50 ಗ್ರಾಂ. ಮೊದಲು ಜಿಡ್ಡು ಪೂರ್ತಿ ಹೋಗಿರಬೇಕು, ಜಿಡ್ಡಿನ ಮೇಲೆ ಆಸಿಡ್ ಕೆಲಸ ಮಾಡುವುದಿಲ್ಲ. ನೆನೆಹಾಕಿ ಎರಡು ಗಂಟೆಗೊಮ್ಮೆ ತೆಗೆದು ಬ್ರಷ್‌ನಲ್ಲಿ ಉಜ್ಜಿ ನೋಡಿ. ಬರೀ ಬೂದು ಕಬ್ಬಿಣ ಕಾಣಿಸಿದ ತಕ್ಷಣ ತೆಗೆಯಿರಿ. ಅಡುಗೆ ಸೋಡಾ ಕಲಸಿದ ನೀರಿನಲ್ಲಿ ಅದ್ದಿ, ಚೆನ್ನಾಗಿ ತೊಳೆದು, ಆಗಲೇ ಒಣಗಿಸಿ ಎಣ್ಣೆ ಸವರಬೇಕು. ಕಾಫಿ ಕುಡಿದು ಬರುತ್ತೇನೆ ಅಂತ ಹೋದರೆ ಬರುವಷ್ಟರಲ್ಲಿ ಕಿತ್ತಳೆ ಬಣ್ಣದ ಪುಡಿ ಬಂದಿರುತ್ತದೆ.

ಶಿರಾ_ರೋಡ್

ನಿಂಬೆ ಉಪ್ಪು ಯಾಕೆ? ನಮ್ಮ ತುಮಕೂರು ಮಂಡಿಯಲ್ಲಿ ಹುಣಸೆಹಣ್ಣು ಬೇಕಾದಷ್ಟು ಸಿಗುತ್ತದೆ. ನಮ್ಮಜ್ಜಿ ಹಿತ್ತಾಳೆ ಬಿಂದಿಗೆ, ತಾಮ್ರದ ಹಂಡೆ ಎಲ್ಲ ಅದರಲ್ಲೇ ಬೆಳಗುತ್ತಿದ್ದರು.

ಕೆಮಿಸ್ಟ್ರಿ_ಶಿಡ್ಲಘಟ್ಟ

ಹಿತ್ತಾಳೆ, ತಾಮ್ರಕ್ಕೆ ಹುಣಸೆಹುಳಿ ಸರಿಯಾದದ್ದೇ, ಅದರಲ್ಲಿರುವ ಟಾರ್ಟಾರಿಕ್ ಆಮ್ಲ ಮೇಲಿನ ಕಪ್ಪನ್ನು ತೆಗೆಯುತ್ತದೆ. ತೆಳು ತುಕ್ಕಿಗೂ ಆಗಬಹುದು. ಆದರೆ ಗಟ್ಟಿ ತುಕ್ಕಿಗೆ ಎಷ್ಟು ಹುಳಿ ಬೇಕು ಹೇಳಿ? ಜೊತೆಗೆ ಅದರ ಸಕ್ಕರೆ, ನಾರು ಎಲ್ಲ ಬೋಲ್ಟಿನ ಮರೆಯಲ್ಲಿ ಅಂಟಾಗಿ ಉಳಿಯುತ್ತದೆ. ಈಗಿನ ಹುಣಸೆ ರೇಟಿನಲ್ಲಿ ಸಾರಿಗೆ ಇಟ್ಟುಕೊಳ್ಳುವುದು ಮೇಲು.

ಗೌರಿಬಿದನೂರು_ಅಂಬಿ

ನಾನು ಅಂಬಾಸಿಡರ್‌ನ ದೊಡ್ಡ ಬ್ರಾಕೆಟ್‌ಗಳನ್ನೆಲ್ಲ ಬ್ಯಾಟರಿ ಚಾರ್ಜರ್ ಇಟ್ಟು ಮಾಡಿದೆ. ಪ್ಲಾಸ್ಟಿಕ್ ಡ್ರಮ್, ನೀರು, ಲೀಟರ್‌ಗೆ ಒಂದು ದೊಡ್ಡ ಚಮಚ ವಾಷಿಂಗ್ ಸೋಡಾ. ಚಾರ್ಜರ್‌ನ ನೆಗೆಟಿವ್ ವೈರು ತುಕ್ಕು ಹಿಡಿದ ಭಾಗಕ್ಕೆ, ಪಾಸಿಟಿವ್ ಯಾವುದಾದರೂ ಹಳೇ ಕಬ್ಬಿಣದ ಪಟ್ಟಿಗೆ. ಎರಡೂ ಒಂದಕ್ಕೊಂದು ತಾಗಬಾರದು. ರಾತ್ರಿ ಇಟ್ಟರೆ ಬೆಳಿಗ್ಗೆ ತುಕ್ಕು ಕಪ್ಪು ಕೆಸರಾಗಿ ಬಿಡುತ್ತದೆ, ಉಜ್ಜಿದರೆ ಹೋಗುತ್ತದೆ. ಒಳ್ಳೆ ಲೋಹ ಒಂಚೂರೂ ಸವೆಯುವುದಿಲ್ಲ, ಆಸಿಡ್‌ಗಿಂತ ಇದು ಮೇಲು ಅನ್ನುವುದು ಅದಕ್ಕೇ.

ಕೆಮಿಸ್ಟ್ರಿ_ಶಿಡ್ಲಘಟ್ಟ

ಒಪ್ಪುತ್ತೇನೆ, ಎರಡು ಎಚ್ಚರಿಕೆ ಸೇರಿಸಿ. ಪಾಸಿಟಿವ್ ಕಡೆಗೆ ಸ್ಟೀಲ್ ಚಮಚ, ಸ್ಟೀಲ್ ತಟ್ಟೆ ಯಾವತ್ತೂ ಹಾಕಬೇಡಿ. ಸ್ಟೇನ್‌ಲೆಸ್ ಸ್ಟೀಲಿನಲ್ಲಿರುವ ಕ್ರೋಮಿಯಂ ವಿಷವಾಗಿ ನೀರಿಗೆ ಇಳಿಯುತ್ತದೆ, ಆ ನೀರನ್ನು ಎಲ್ಲಿ ಚೆಲ್ಲಿದರೂ ತಪ್ಪು. ಮತ್ತೆ ಇಲ್ಲೂ ಹೈಡ್ರೋಜನ್ ಬರುತ್ತದೆ. ಮುಚ್ಚಿದ ಕೋಣೆಯಲ್ಲಿ ಮಾಡಬೇಡಿ, ಅಂಗಳದಲ್ಲಿ ಮಾಡಿ. ಅಲ್ಯೂಮಿನಿಯಂ ಈ ಡ್ರಮ್ಮಿಗೂ ಹಾಕುವಂತಿಲ್ಲ.

ಗುಬ್ಬಿಗೇಟ್_ಫಿಯೆಟ್

ಎಲ್ಲರಿಗೂ ಧನ್ಯವಾದ. ಆಯಸ್ಕಾಂತದ ಕೆಲಸ ಇವತ್ತೇ ಮುಗಿಸಿದೆ. ಅಪ್ಪ ಬಿಚ್ಚಿದ ಬೋಲ್ಟುಗಳನ್ನು ಹಳೇ ಇಡ್ಲಿ ತಟ್ಟೆಯ ಗುಳಿಗಳಲ್ಲಿ ಜೋಡಿಸುತ್ತಿದ್ದಾರೆ. ಒಂದು ತಟ್ಟೆ ರೇಡಿಯೇಟರ್‌ದು, ಒಂದು ಏರ್ ಫಿಲ್ಟರ್‌ದು, ಒಂದು ಬ್ಯಾಟರಿದು. ಯಾವ ಬೋಲ್ಟು ಎಲ್ಲಿಯದು ಅಂತ ನೋಡದೇ ಹೇಳುತ್ತಾರೆ. ಒಂದನ್ನು ಕೈಗೆ ತೆಗೆದುಕೊಂಡು "ಇದು ಫಿಯೆಟ್‌ದಲ್ಲ, ಯಾರೋ ಬೇರೆ ಹಾಕಿದ್ದಾರೆ" ಅಂದರು. ನಿಜ, ಅದರ ತಲೆ ಬೇರೆ ಅಳತೆ.

ಪ್ರಶ್ನೆ: ಕೆಲವು ಬೋಲ್ಟಿನ ಕುತ್ತಿಗೆಯ ಹತ್ತಿರ ತುಕ್ಕಿನ ಕೆಳಗೆ ಹಳದಿ ಬಂಗಾರದ ಥರ ಹೊಳಪು ಕಾಣುತ್ತದೆ. ಅದು ಏನು?

ಪ್ಲೇಟಿಂಗ್_ಮಧುಗಿರಿ

ಅದು ಜಿಂಕ್ ಪ್ಲೇಟಿಂಗ್ ಅಕ್ಕ. ಕಬ್ಬಿಣದ ಮೇಲೆ ಸತುವಿನ ಪದರ, ಅದರ ಮೇಲೆ ಕ್ರೋಮೇಟ್ ದ್ರಾವಣದಲ್ಲಿ ಅದ್ದಿ ತೆಗೆದಾಗ ಬರುವ ಹಳದಿ. ಬಿಸಿಲಿಗೆ ಹಿಡಿದರೆ ಹಸಿರು, ನೇರಳೆ ಛಾಯೆ ಕೂಡ ಕಾಣುತ್ತದೆ. ಅಲಂಕಾರಕ್ಕೆ ಮಾಡಿದ್ದಲ್ಲ. ತುಕ್ಕು ಮೊದಲು ಸತುವನ್ನು ತಿನ್ನಲಿ, ಕಬ್ಬಿಣ ಉಳಿಯಲಿ ಅಂತ. ನಿಮ್ಮದರಲ್ಲಿ ಸತು ತನ್ನ ಕೆಲಸ ಮಾಡಿ ಮುಗಿಸಿದೆ.

ನಾನು ಪೀಣ್ಯದಲ್ಲಿ ಪ್ಲೇಟಿಂಗ್ ಕೆಲಸಕ್ಕೆ ಹೋಗುತ್ತೇನೆ. ಒಂದು ವಿಷಯ ಯಾರೂ ಹೇಳಲಿಲ್ಲ. ನಿಂಬೆ ಉಪ್ಪಿನಲ್ಲಿ ಹಾಕಿದರೆ ತುಕ್ಕಿನ ಜೊತೆ ಉಳಿದ ಸತುವೂ ಹೋಗುತ್ತದೆ. ಆಮೇಲೆ ಬರೀ ಮೈ ಕಬ್ಬಿಣ. ಎಣ್ಣೆ ಸವರಿ ಬಿಟ್ಟರೆ ಒಂದು ಮಳೆಗಾಲ ತಡೆಯಬಹುದು, ಅಷ್ಟೇ. ಆದ್ದರಿಂದ ತುಕ್ಕು ತೆಗೆದ ಬೋಲ್ಟು, ಕ್ಲಿಪ್ಪು, ಸಣ್ಣ ಬ್ರಾಕೆಟ್ಟು ಎಲ್ಲ ಒಟ್ಟಿಗೆ ಸೇರಿಸಿ ಪ್ಲೇಟಿಂಗ್‌ಗೆ ಕೊಡಿ. ಚೂರುಪಾರು ತಂದರೆ ಯಾರೂ ಮಾಡಿಕೊಡುವುದಿಲ್ಲ, ಒಂದು ಲಾಟ್ ಅಂತ ತೂಕದ ಲೆಕ್ಕದಲ್ಲಿ ಮಾಡುತ್ತಾರೆ. ಕೊಡುವ ಮೊದಲು ಎಲ್ಲವನ್ನೂ ಒಂದು ಹಳೇ ಸೀರೆಯ ಮೇಲೆ ಹರಡಿ ಫೋಟೋ ತೆಗೆದು ಎಣಿಸಿಕೊಳ್ಳಿ. ಸಣ್ಣ ವಾಷರ್‌ಗಳು ತೊಟ್ಟಿಯ ತಳದಲ್ಲಿ ಉಳಿದುಬಿಡುತ್ತವೆ. ವಾಷರ್‌ಗಳನ್ನು ತಾಮ್ರದ ತಂತಿಗೆ ಪೋಣಿಸಿ ಕೊಟ್ಟರೆ ಕಳೆಯುವುದಿಲ್ಲ.

ಇನ್ನೂ ಮುಖ್ಯವಾದದ್ದು. ಬೋಲ್ಟಿನ ತಲೆ ಮೇಲೆ 8.8, 10.9, 12.9 ಅಂತ ಅಂಕಿ ಇರುತ್ತದೆ, ಅದು ಬೋಲ್ಟಿನ ಬಲದ ದರ್ಜೆ. 10.9, 12.9 ಇದ್ದದ್ದನ್ನು ಆಸಿಡ್‌ಗೂ ಹಾಕಬೇಡಿ, ಪ್ಲೇಟಿಂಗ್‌ಗೂ ಸುಮ್ನೆ ಕೊಡಬೇಡಿ. ಹೈಡ್ರೋಜನ್ ಉಕ್ಕಿನೊಳಗೆ ಹೊಕ್ಕು ಬೋಲ್ಟು ಪೆಡಸಾಗುತ್ತದೆ. ನೋಡಲು ಹೊಸದರ ಹಾಗೆ ಇರುತ್ತದೆ, ಬಿಗಿ ಮಾಡಿದ ಮರುದಿನ ಪಟ್ ಅಂತ ಮುರಿಯುತ್ತದೆ. ಪ್ಲೇಟಿಂಗ್ ಆದ ಕೆಲವೇ ಗಂಟೆಯೊಳಗೆ 200 ಡಿಗ್ರಿ ಹತ್ತಿರ ಓವನ್‌ನಲ್ಲಿ ಹಲವು ಗಂಟೆ ಇಟ್ಟು ಆ ಹೈಡ್ರೋಜನ್ ಓಡಿಸಬೇಕು. ಹೆಡ್ ಬೋಲ್ಟು, ಸ್ಟೀರಿಂಗ್, ಬ್ರೇಕ್ ಬೋಲ್ಟು ಯಾವುದೂ ಈ ಲಾಟ್‌ನಲ್ಲಿ ಸೇರಬಾರದು.

ಕೆಜಿಎಫ್_ಫಿಟ್ಟರ್

ಮಧುಗಿರಿ ತಮ್ಮಾ, ಸರಿಯಾಗಿ ಹೇಳಿದೆ. ಈ ಪೆಡಸಿನ ವಿಷಯ ಗೊತ್ತಿಲ್ಲದೆ ಎಷ್ಟೋ ಜನ ಕೈ ಮುರಿದುಕೊಂಡಿದ್ದಾರೆ.

ಅಂತರಗಂಗೆ

ನೀರಿನ ಬಗ್ಗೆ ಯಾರೂ ಹೇಳುತ್ತಿಲ್ಲ. ತೊಳೆದ ಮೇಲೆ ಕೊನೇ ನೀರು ಬೋರ್‌ವೆಲ್‌ದು ಬೇಡ. ನಮ್ಮ ಕೋಲಾರದ ಬೋರ್ ನೀರು ಒಣಗಿದರೆ ಅಲ್ಯೂಮಿನಿಯಂ ಮೇಲೆ ಬಿಳಿ ಕಲೆ ಬಿಡುತ್ತದೆ, ಉಜ್ಜಿದರೂ ಹೋಗುವುದಿಲ್ಲ. ಕೊನೆಗೆ ಒಂದು ಬಕೆಟ್ ಮಳೆ ನೀರು ಅಥವಾ ಫಿಲ್ಟರ್ ನೀರು ಹಾಕಿ. ರೇಡಿಯೇಟರ್‌ಗಂತೂ ಬೋರ್ ನೀರು ಹಾಕಲೇಬೇಡಿ, ಒಳಗೆಲ್ಲ ಸುಣ್ಣ ಕಟ್ಟುತ್ತದೆ. ನಮ್ಮ ಮನೆ ನೀರು ಕಾಯಿಸುವ ಪಾತ್ರೆಯ ತಳ ನೋಡಿದರೆ ಗೊತ್ತಾಗುತ್ತದೆ.

ಮಾಲೂರು_ಮಾತು

ಈಗ ಕೆ.ಸಿ. ವ್ಯಾಲಿ (ಕೋರಮಂಗಲ-ಚಲ್ಲಘಟ್ಟ ಕಣಿವೆ) ಯೋಜನೆಯ ನೀರು ಬಂದ ಮೇಲೆ ಕೆರೆ ತುಂಬಿ ಬೋರ್‌ವೆಲ್ ಸ್ವಲ್ಪ ಚೇತರಿಸಿಕೊಂಡಿವೆ ಅಲ್ವಾ?

ಅಂತರಗಂಗೆ

2018ರಿಂದ ನೀರು ಬರುತ್ತಿದೆ, ಕೆರೆಗಳಲ್ಲಿ ನೀರು ಕಾಣುತ್ತಿದೆ, ಅದು ನಿಜ. ಆದರೆ ಬೆಂಗಳೂರಿನ ಕೊಳಚೆ ನೀರು ಎರಡು ಹಂತ ಶುದ್ಧ ಮಾಡಿ ಬಿಡುತ್ತಾರೆ, ಮೂರನೇ ಹಂತ ಬೇಕು ಅಂತ ನಾವು ಕೇಳುತ್ತಲೇ ಇದ್ದೇವೆ. ನೀರು ಬಂತು ಅನ್ನುವುದಕ್ಕೂ ಒಳ್ಳೆ ನೀರು ಬಂತು ಅನ್ನುವುದಕ್ಕೂ ವ್ಯತ್ಯಾಸ ಇದೆ.

ಚಿಂತಾಮಣಿ_800

ನಮ್ಮ ಕಡೆ ಎಚ್.ಎನ್. ವ್ಯಾಲಿ (ಹೆಬ್ಬಾಳ-ನಾಗವಾರ ಕಣಿವೆ) ನೀರಿನದೂ ಇದೇ ಕಥೆ. ಆದರೆ ಅದಕ್ಕೆ ಬೇರೆ ಚರ್ಚೆ ತೆರೆಯೋಣ, ಇಲ್ಲಿ ಫಿಯೆಟ್ ಕಾಯುತ್ತಿದೆ.

ಗೌರಿಬಿದನೂರು_ಅಂಬಿ

ರೇಡಿಯೇಟರ್ ವಿಷಯ ನಾನು ಹೇಳುತ್ತೇನೆ. ಫಿಯೆಟ್‌ದು ಹಳೇ ಕಾಲದ ತಾಮ್ರ ಹಿತ್ತಾಳೆ ರೇಡಿಯೇಟರ್. ಮೇಲಿನ ತೊಟ್ಟಿ ಬೆಸುಗೆ ಬಿಡಿಸಿ, ಕೊಳವೆಗಳ ಒಳಗೆ ಪಟ್ಟಿ ಆಡಿಸಿ, ಮತ್ತೆ ಬೆಸುಗೆ ಹಾಕಬಹುದು. ಈಗಿನ ಪ್ಲಾಸ್ಟಿಕ್ ತೊಟ್ಟಿಯದಕ್ಕೆ ಆ ಯೋಗ ಇಲ್ಲ. ಹಳೇ ರೇಡಿಯೇಟರ್ ಕೆಲಸದವರು ಊರಿನಲ್ಲಿ ಇನ್ನೂ ಒಬ್ಬಿಬ್ಬರು ಇರುತ್ತಾರೆ, ಹುಡುಕಿ. ಗುಜರಿಯವನು "ಹೊಸದು ಕೊಡುತ್ತೇನೆ, ಹಳೇದು ಕೊಡಿ" ಅಂದರೆ ಕೊಡಬೇಡಿ, ಅವನ ಕಣ್ಣು ಇರುವುದು ತಾಮ್ರದ ತೂಕದ ಮೇಲೆ. ಕಬ್ಬಿಣ, ಅಲ್ಯೂಮಿನಿಯಂ, ತಾಮ್ರ ಮೂರೂ ಒಂದೇ ನೀರಿನಲ್ಲಿ ಇರುವುದರಿಂದ ಬರೀ ನೀರು ಹಾಕದೆ ಕೂಲೆಂಟ್ ಹಾಕಿ. ಒಂದೇ ಮಾತು, ಮೂವತ್ತು ವರ್ಷದ ಸುಣ್ಣ ಕರಗಿದಾಗ ಅದರಿಂದಲೇ ಮುಚ್ಚಿದ್ದ ಸಣ್ಣ ತೂತು ಸೋರಲು ಶುರುವಾಗಬಹುದು. ಆಗ ಕೂಲೆಂಟ್ ಬೈಯಬೇಡಿ.

ತಿಪಟೂರು_ವೈರಿಂಗ್

ನಾನು ಆಟೋ ಎಲೆಕ್ಟ್ರಿಷಿಯನ್. ನೀರು ಹೊಡೆಯುವ ಮೊದಲು ನನ್ನ ಮಾತು ಕೇಳಿ. ಬ್ಯಾಟರಿಯ ನೆಗೆಟಿವ್ ಮೊದಲು ಬಿಚ್ಚಿ. ಡಿಸ್ಟ್ರಿಬ್ಯೂಟರ್, ಕಾಯಿಲ್, ಕಾರ್ಬೊರೇಟರ್ ಬಾಯಿ, ಆಲ್ಟರ್ನೇಟರ್ ಎಲ್ಲಕ್ಕೂ ಪ್ಲಾಸ್ಟಿಕ್ ಕವರ್ ಕಟ್ಟಿ ರಬ್ಬರ್ ಬ್ಯಾಂಡ್ ಹಾಕಿ. ಬಿಸಿ ಎಂಜಿನ್ ಮೇಲೆ ತಣ್ಣೀರು ಯಾವತ್ತೂ ಬೇಡ, ಸೈಲೆನ್ಸರ್ ಮ್ಯಾನಿಫೋಲ್ಡ್ (ಎಂಜಿನ್ ಹೊಗೆ ಹೊರಬರುವ ಕೊಳವೆ) ಸೀಳುತ್ತದೆ. ಪ್ರೆಷರ್ ಗನ್ ಬದಲು ಕೈ ಸ್ಪ್ರೇ, ಬ್ರಷ್ ಸಾಕು. ನನ್ನ ಹತ್ತಿರ ಬರುವ ಎಷ್ಟೋ ಹಳೇ ಗಾಡಿಗಳು "ನೆನ್ನೆ ವಾಶ್ ಮಾಡಿಸಿದೆ, ಇವತ್ತು ಸ್ಟಾರ್ಟ್ ಆಗುತ್ತಿಲ್ಲ" ಅಂತಲೇ ಬರುವುದು. ಡಿಸ್ಟ್ರಿಬ್ಯೂಟರ್ ಮುಚ್ಚಳ ತೆಗೆದರೆ ಒಳಗೆ ಹನಿ ಕೂತಿರುತ್ತದೆ.

ಪ್ಲಗ್ ವೈರು ಬಿಚ್ಚುವ ಮೊದಲು ಒಂದೊಂದಕ್ಕೂ ಟೇಪ್ ಸುತ್ತಿ ನಂಬರ್ ಬರೆಯಿರಿ. ನಿಮ್ಮ ಕಾರಿನಲ್ಲಿ ಪ್ಲಗ್ಗುಗಳಿಗೆ ಕಿಡಿ ಹೋಗುವ ಕ್ರಮ 1-3-4-2. ಇನ್ನೊಂದು, ಬಣ್ಣ ಹೊಡೆಯುವಾಗ ಅರ್ತ್ ವೈರು ಕೂರುವ ಜಾಗ ಬಿಟ್ಟು ಹೊಡೆಯಬೇಕು. ಅಲ್ಲಿ ಲೋಹಕ್ಕೆ ಲೋಹ ತಾಗಬೇಕು. ಹೊಸ ಬಣ್ಣ ಆದ ಮೇಲೆ ಲೈಟು ಮಂಕು, ಸ್ಟಾರ್ಟರ್ ನಿಧಾನ ಅಂತ ಬಂದರೆ ನಾನು ಮೊದಲು ನೋಡುವುದೇ ಆ ಜಾಗ.

ಗುಬ್ಬಿಗೇಟ್_ಫಿಯೆಟ್

ಬ್ಯಾಟರಿ ಕೆಳಗಿನ ತಗಡು ಮತ್ತು ಕಾರ್ಬೊರೇಟರ್ ಬಗ್ಗೆ ಯಾರಾದರೂ ಹೇಳಿ. ತಗಡಿನ ಮೇಲೆ ಬಿಳಿ ಹಿಟ್ಟಿನ ಹಾಗೆ ಇದೆ.

ಕೆಜಿಎಫ್_ಫಿಟ್ಟರ್

ಬಿಳಿ ಹಿಟ್ಟು ಬ್ಯಾಟರಿ ಆಸಿಡ್ ಕೆಲಸ. ಬರಿಗೈಯಲ್ಲಿ ಮುಟ್ಟಬೇಡಿ. ಅಡುಗೆ ಸೋಡಾ ನೀರಿನಲ್ಲಿ ಕಲಸಿ ಸುರಿಯಿರಿ, ಬುರಬುರ ಅಂತ ನೊರೆ ಬರುತ್ತದೆ. ನೊರೆ ನಿಲ್ಲುವವರೆಗೂ ಹಾಕುತ್ತಿರಿ. ನಿಂತ ಮೇಲೆ ತೊಳೆಯಿರಿ. ಇದನ್ನು ಮಾಡದೆ ಮೇಲೆ ಪ್ರೈಮರ್ ಹೊಡೆದರೆ ಆರು ತಿಂಗಳಿಗೆ ಬಣ್ಣ ಉಬ್ಬಿ ಏಳುತ್ತದೆ. ತೂತು ಎರಡೇ ಇದ್ದರೆ ತಗಡು ಪೂರ್ತಿ ಬದಲಾಯಿಸಬೇಡಿ. ಕೊಳೆತ ಭಾಗ ಮಾತ್ರ ಕತ್ತರಿಸಿ ಅದೇ ದಪ್ಪದ ತುಂಡು ಕೂರಿಸಿ ಗ್ಯಾಸ್ ವೆಲ್ಡಿಂಗ್ ಮಾಡಿಸಿ. ಟಿಂಕರಿಂಗ್ ಗೊತ್ತಿರುವ ಹಳಬರಿಗೆ ಒಂದು ಬೆಳಗಿನ ಕೆಲಸ. ವೆಲ್ಡಿಂಗ್ ಹೊತ್ತಿನಲ್ಲಿ ಬ್ಯಾಟರಿ ಕಾರಿನಲ್ಲಿ ಇರಲೇಬಾರದು.

ಕಾರ್ಬೊರೇಟರ್ ಅನ್ನು ಆಸಿಡ್‌ಗೂ ಹಾಕಬೇಡಿ, ಸೋಡಾಕ್ಕೂ ಹಾಕಬೇಡಿ, ಮರಳು ಬ್ಲಾಸ್ಟಿಂಗ್‌ಗಂತೂ ತೋರಿಸಲೇಬೇಡಿ. ಅದಕ್ಕೆಂದೇ ಕ್ಲೀನರ್ ಡಬ್ಬಿ ಸಿಗುತ್ತದೆ, ಅದು ಸಾಕು. ಜೆಟ್‌ಗಳು ಹಿತ್ತಾಳೆಯವು, ಅವುಗಳ ತೂತಿಗೆ ಪಿನ್ನು, ಉಕ್ಕಿನ ತಂತಿ ತೂರಿಸಬೇಡಿ. ಕೂದಲೆಳೆ ದೊಡ್ಡದಾದರೂ ಪೆಟ್ರೋಲ್ ಲೆಕ್ಕ ತಪ್ಪುತ್ತದೆ. ಗಾಳಿ ಊದಿ ತೆಗೆಯಿರಿ.

ಚಿಂತಾಮಣಿ_800

ಬ್ಲಾಸ್ಟಿಂಗ್ ಮಾತು ಬಂತು. ಹೆಡ್, ಬ್ಲಾಕ್ ಥರದ್ದನ್ನು ಮರಳಿಗೆ ಕೊಟ್ಟರೆ ಆಯಿಲ್ ದಾರಿಯಲ್ಲಿ ಒಂದು ಕಣ ಉಳಿದರೂ ಬೇರಿಂಗ್ ಕಥೆ ಮುಗಿಯಿತು. ಹೊರಗಿನ ತಗಡಿಗೆ ಮಾತ್ರ ಸರಿ.

ಶಿರಾ_ರೋಡ್

ಇಷ್ಟೆಲ್ಲ ಕಷ್ಟ ಯಾಕೆ ಅಂತ ನನಗೆ ಇನ್ನೂ ಅರ್ಥವಾಗುತ್ತಿಲ್ಲ. ಕಾರು ಓಡಬೇಕು. ಒಳಗೆ ಒರಿಜಿನಲ್ ಬ್ರಾಕೆಟ್ ಇದ್ದರೇನು, ಡೂಪ್ಲಿಕೇಟ್ ಇದ್ದರೇನು? ಹೊಸದು ಹಾಕಿ, ಕಪ್ಪು ಹೊಡೆಯಿರಿ, ಅಪ್ಪನ್ನ ಕೂರಿಸಿಕೊಂಡು ದೇವರಾಯನದುರ್ಗಕ್ಕೆ ಹೋಗಿ ಬನ್ನಿ. ಅಪ್ಪನಿಗೆ ಅದೇ ಖುಷಿ.

ಗೌರಿಬಿದನೂರು_ಅಂಬಿ

ಅಣ್ಣ, ನಿಮ್ಮ ಕಾಳಜಿ ಅರ್ಥವಾಗುತ್ತದೆ. ಆದರೆ ಈಗ ಅಂಗಡಿಯಲ್ಲಿ ಸಿಗುವ ಬ್ರಾಕೆಟ್ ತೆಳು ತಗಡು. ತೂತು ಒಂದು ಮಿಲಿಮೀಟರ್ ಆಚೀಚೆ ಇರುತ್ತದೆ, ಬೋಲ್ಟು ಎಳೆದು ಕೂರಿಸಬೇಕು, ಆಮೇಲೆ ಅಲುಗಾಡಿ ಸೀಳುತ್ತದೆ. ನಾನು ಮೂರು ಸಲ ಹೊಸದು ಹಾಕಿ ಕೊನೆಗೆ ಅಂಬಾಸಿಡರ್‌ನ ಹಳೇದನ್ನೇ ವೆಲ್ಡಿಂಗ್ ಮಾಡಿಸಿ ಹಾಕಿದೆ. ಇದು ಬರೀ ಹಳೇದರ ಮೇಲಿನ ಪ್ರೀತಿ ಅಲ್ಲ. ಹಳೇ ಸಾಮಾನು ನಿಜಕ್ಕೂ ಗಟ್ಟಿ.

ಕಪ್ಪು ಹೊಡೆಯುವುದರ ದೊಡ್ಡ ತೊಂದರೆ ಇನ್ನೊಂದು. ಎಲ್ಲ ಕಪ್ಪಾದರೆ ಆಯಿಲ್ ಎಲ್ಲಿ ಸೋರುತ್ತಿದೆ ಅಂತ ಕಾಣುವುದಿಲ್ಲ. ಸ್ವಚ್ಛ ಅಲ್ಯೂಮಿನಿಯಂ ಮೇಲೆ ಒಂದು ಹನಿ ಬಿದ್ದರೂ ಗೊತ್ತಾಗುತ್ತದೆ.

ಶಿರಾ_ರೋಡ್

ಸೋರಿಕೆ ಕಾಣುವ ಮಾತು ಒಪ್ಪಿದೆ. ಅದು ನಾನು ಯೋಚಿಸಿರಲಿಲ್ಲ.

ಅಂತರಗಂಗೆ

ನಂಬರ್ ತಟ್ಟೆ ಮರೆಯಬೇಡಿ. ಷಾಸಿ ನಂಬರ್ ಇರುವ ಸಣ್ಣ ತಟ್ಟೆಯ ರಿವಿಟ್ ಕೀಳಬೇಡಿ, ಎಂಜಿನ್ ಮೇಲೆ ಕೊರೆದ ನಂಬರನ್ನು ಗ್ರೈಂಡರ್‌ನಿಂದ ಉಜ್ಜಬೇಡಿ, ಮೇಲೆ ದಪ್ಪ ಬಣ್ಣ ಬಳಿಯಬೇಡಿ. 15 ವರ್ಷ ದಾಟಿದ ಕಾರಿಗೆ 5 ವರ್ಷಕ್ಕೊಮ್ಮೆ ಆರ್‌ಸಿ ನವೀಕರಣ ಇದೆ ಅಲ್ವಾ, ಆಗ ಪೆನ್ಸಿಲ್ ಉಜ್ಜಿ ನಂಬರ್ ಪ್ರಿಂಟ್ ತೆಗೆದುಕೊಳ್ಳುತ್ತಾರೆ. ನಂಬರ್ ಓದಲು ಬಾರದಿದ್ದರೆ ಅಲೆದಾಟ. 2021ರಲ್ಲಿ ಕೇಂದ್ರ ಸರ್ಕಾರ 50 ವರ್ಷ ದಾಟಿದ ಕಾರುಗಳಿಗೆ ವಿಂಟೇಜ್ ನೋಂದಣಿ ನಿಯಮ ತಂದಿದೆ, ಅದಕ್ಕೆ ಕಾರು ಮೂಲ ರೂಪದಲ್ಲೇ ಇರಬೇಕು. ನಿಮ್ಮದಕ್ಕೆ 2037ಕ್ಕೆ 50 ತುಂಬುತ್ತದೆ. ಈಗ ಉಳಿಸಿದ್ದು ಆಗ ಕೆಲಸಕ್ಕೆ ಬರುತ್ತದೆ.

ಕೆಮಿಸ್ಟ್ರಿ_ಶಿಡ್ಲಘಟ್ಟ

ಒರಿಜಿನಲ್ ಉಳಿಸಬಾರದ್ದೂ ಇದೆ, ಅದನ್ನೂ ಹೇಳಬೇಕು. ಪೆಟ್ರೋಲ್ ರಬ್ಬರ್ ಪೈಪು, ಬ್ರೇಕ್ ಹೋಸು, ಸುಲಿದ ವೈರು. ಇವುಗಳ ಮೇಲೆ ಮಮಕಾರ ಬೇಡ. ಈಗ ಬಂಕ್‌ನಲ್ಲಿ ಸಿಗುವ ಪೆಟ್ರೋಲ್‌ನಲ್ಲಿ 20 ಶೇಕಡಾ ಎಥನಾಲ್ ಇರುತ್ತದೆ. 1987ರ ರಬ್ಬರ್ ಅದಕ್ಕೆ ಮಾಡಿದ್ದಲ್ಲ, ಒಳಗಿನಿಂದಲೇ ಕರಗಿ ಸೀಳುತ್ತದೆ. ಎಥನಾಲ್ ತಡೆಯುವ ಹೊಸ ಪೈಪು ಹಾಕಿ. ಹಳೇ ಗ್ಯಾಸ್ಕೆಟ್, ಕ್ಲಚ್, ಬ್ರೇಕ್ ಪುಡಿಯಲ್ಲಿ ಆಸ್ಬೆಸ್ಟಾಸ್ ಇರಬಹುದು, ಗಾಳಿ ಊದಬೇಡಿ, ಒಣಗಿದ್ದನ್ನು ಕೆರೆಯಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ಬ್ರೇಕ್ ಆಯಿಲ್ ಹೊಸ ಬಣ್ಣದ ಮೇಲೆ ಒಂದು ಹನಿ ಬಿದ್ದರೂ ಬಣ್ಣ ಸುಕ್ಕುಗಟ್ಟುತ್ತದೆ, ತಕ್ಷಣ ನೀರು ಹಾಕಿ ತೊಳೆಯಿರಿ.

ಗುಬ್ಬಿಗೇಟ್_ಫಿಯೆಟ್

ಈಗ ನನ್ನ ದೊಡ್ಡ ಭಯ. ಆ ಮುಚ್ಚಳ. ನಿಂಬೆ ಉಪ್ಪಿನಲ್ಲಿ ಮುಳುಗಿಸಿದರೆ ಅಪ್ಪನ ಬರಹ ಉಳಿಯುತ್ತದಾ? ಮೆಕ್ಯಾನಿಕ್ ಥಿನ್ನರ್ ಒರೆಸಿ ಮೇಲೆ ಕ್ಲಿಯರ್ (ಬಣ್ಣವಿಲ್ಲದ ಪಾರದರ್ಶಕ ಪೇಂಟ್) ಹೊಡೆಯೋಣ ಅಂದ.

ಪ್ಲೇಟಿಂಗ್_ಮಧುಗಿರಿ

ಅಯ್ಯೋ ಥಿನ್ನರ್ ಬೇಡ ಅಕ್ಕ! ಒಂದೇ ಒರೆತಕ್ಕೆ ಬರಹ ಬಟ್ಟೆಗೆ ಬರುತ್ತದೆ.

ಕೆಜಿಎಫ್_ಫಿಟ್ಟರ್

ಕ್ಲಿಯರ್ ಕೂಡ ಬೇಡ. ಅದರಲ್ಲೂ ಥಿನ್ನರ್ ಇದೆ, ಹಳೇ ಎನಾಮೆಲ್ ಕೆಳಗಿನಿಂದ ಸುಕ್ಕಾಗಿ ಏಳುತ್ತದೆ. ಮುಳುಗಿಸುವುದೂ ಬೇಡ. ತುಕ್ಕು ಅಕ್ಷರದ ಕೆಳಗೆ ಹೊಕ್ಕಿದ್ದರೆ ಆಸಿಡ್ ಅದನ್ನು ಕರಗಿಸಿ ಅಕ್ಷರವನ್ನೇ ಎಬ್ಬಿಸುತ್ತದೆ.

ಹೀಗೆ ಮಾಡಿ. ಉಗುರು ಬೆಚ್ಚಗಿನ ನೀರು, ಎರಡು ಹನಿ ಪಾತ್ರೆ ತೊಳೆಯುವ ಸೋಪು, ಮೆತ್ತನೆ ಹತ್ತಿ ಬಟ್ಟೆ. ಒತ್ತಬೇಡಿ. ಮೊದಲು ಯಾವುದೋ ಒಂದು ಅಂಕಿಯ ಬಾಲದ ಮೇಲೆ ಪರೀಕ್ಷೆ ಮಾಡಿ, ಬಟ್ಟೆಗೆ ಬಿಳಿ ಬಂದರೆ ಅಲ್ಲಿಗೇ ನಿಲ್ಲಿಸಿ. ಸುತ್ತಲ ತುಕ್ಕಿಗೆ ಹತ್ತಿ ಕಡ್ಡಿಯ ತುದಿಯಲ್ಲಿ ನಿಂಬೆ ಉಪ್ಪಿನ ನೀರು, ತುಕ್ಕು ಇರುವಷ್ಟೇ ಜಾಗಕ್ಕೆ, ಆಮೇಲೆ ಒದ್ದೆ ಕಡ್ಡಿಯಲ್ಲಿ ಒರೆಸಿ, ಒಣಗಿಸಿ. ಪೂರ್ತಿ ಹೋಗಬೇಕಾಗಿಲ್ಲ. ಮುಂದೆ ಹರಡದಿದ್ದರೆ ಸಾಕು. ಕೊನೆಗೆ ಕಾರಿಗೆ ಹಾಕುವ ಮೇಣವನ್ನು, ಉಜ್ಜುವ ಪುಡಿ ಇಲ್ಲದ್ದನ್ನು, ತೆಳುವಾಗಿ ಸವರಿ. ವರ್ಷಕ್ಕೆರಡು ಸಲ ಸವರುತ್ತಿರಿ. ಮೇಣ ಬೇಡ ಅನ್ನಿಸಿದರೆ ತೆಗೆಯಬಹುದು, ಕ್ಲಿಯರ್ ತೆಗೆಯಲು ಆಗುವುದಿಲ್ಲ. ಮುಚ್ಚಳದ ಒಳಗಿನ ಮೈ ಬೇಕಾದರೆ ಪೂರ್ತಿ ತುಕ್ಕು ತೆಗೆದು ಬಣ್ಣ ಹೊಡೆಯಿರಿ, ಅಲ್ಲಿ ಏನೂ ಬರೆದಿಲ್ಲ.

ತಿಪಟೂರು_ವೈರಿಂಗ್

ಶುರು ಮಾಡುವ ಮೊದಲು ಬೆಳಗಿನ ಬೆಳಕಿನಲ್ಲಿ ಫೋಟೋ ತೆಗೆದಿಡಿ. ಪಕ್ಕದಲ್ಲಿ ಸ್ಕೇಲ್ ಇಟ್ಟು.

ಗುಬ್ಬಿಗೇಟ್_ಫಿಯೆಟ್

ಮೂರು ವಾರ ಆಯಿತು, ಬಂದು ಹೇಳಲು ಆಗಿರಲಿಲ್ಲ. ಕೆಲಸ ಹೆಚ್ಚುಕಡಿಮೆ ಮುಗಿದಿದೆ.

ಜಿಡ್ಡು ತೆಗೆಯಲು ಮೂರು ಭಾನುವಾರ ಬೇಕಾಯಿತು. ಕರಕಿನ ಕೆಳಗೆ ಹೆಡ್‌ನ ಮೈ ಬೆಳ್ಳಗೆ ಕಂಡಾಗ ಅಪ್ಪ ಕುರ್ಚಿಯಿಂದ ಎದ್ದು ಬಂದು ಬೆರಳು ಆಡಿಸಿ ನೋಡಿದರು. ಬೋಲ್ಟಿನ ಲಾಟ್ ಪೀಣ್ಯದಿಂದ ಬಂದಿದೆ, 74 ಕೊಟ್ಟಿದ್ದೆವು, 74 ಬಂದವು. ವಾಷರ್‌ಗಳು ತಂತಿಯಲ್ಲೇ ಇದ್ದವು. 10.9 ಅಂತ ಇದ್ದ ನಾಲ್ಕನ್ನು ಮನೆಯಲ್ಲೇ ತಂತಿ ಬ್ರಷ್‌ನಲ್ಲಿ ಉಜ್ಜಿ ಎಣ್ಣೆ ಹಾಕಿದೆ. ಬ್ಯಾಟರಿ ತಗಡಿಗೆ ತೇಪೆ ಆಗಿದೆ. ಸೈಲೆನ್ಸರ್ ಮ್ಯಾನಿಫೋಲ್ಡ್‌ನ ಒಂದು ಸ್ಟಡ್ (ತಲೆ ಇಲ್ಲದ ಬೋಲ್ಟು) ತಿರುಗುವಂತೆ ಕಾಣಲಿಲ್ಲ, ಬಲ ಹಾಕದೆ ಹಾಗೇ ಬಿಟ್ಟಿದ್ದೇನೆ. ಪೆಟ್ರೋಲ್ ಪೈಪು ಹೊಸದು.

ಮುಚ್ಚಳಕ್ಕೆ ಎರಡು ಸಂಜೆ ಹಿಡಿಯಿತು. 52,700ರ ಸೊನ್ನೆಯೊಂದು ಅರ್ಧ ಹೋಯಿತು, ತುಕ್ಕು ಅದರ ಕೆಳಗೇ ಇತ್ತು. ಉಳಿದದ್ದೆಲ್ಲ ಇದೆ. ಒರೆಸುವಾಗ ಒಂದು ಗಮನಿಸಿದೆ. 61,900ರ ಮೇಲೆ ಮಾತ್ರ ಗೀಟು ಇಲ್ಲ. ಆ ಸಲ ಆಯಿಲ್ ಬದಲಾಯಿಸಲಿಲ್ಲವಾ ಅಂತ ಅಪ್ಪನನ್ನು ಕೇಳಿದೆ. "ಬದಲಾಯಿಸಿದ್ದೆ ಅಂತ ಗ್ಯಾರೇಜಿನವನು ಹೇಳಿದ. ನಾನು ನೋಡಿರಲಿಲ್ಲ. ನೋಡದೆ ಹೇಗೆ ಗೀಟು ಎಳೆಯೋದು?" ಅಂದರು.

ಕೆಜಿಎಫ್_ಫಿಟ್ಟರ್

ಮೇಷ್ಟ್ರಿಗೆ ನನ್ನ ನಮಸ್ಕಾರ ಹೇಳಿ ತಾಯೀ. ಆ ಸ್ಟಡ್ ಬಿಟ್ಟದ್ದು ಒಳ್ಳೆಯದಾಯಿತು. ದಿನಾ ರಾತ್ರಿ ತುಕ್ಕು ಬಿಡಿಸುವ ಎಣ್ಣೆ ಎರಡು ಹನಿ ಹಾಕುತ್ತಿರಿ. ಒಂದು ವಾರ ಬಿಟ್ಟು ಮೊದಲು ಸ್ವಲ್ಪ ಬಿಗಿ ಮಾಡುವ ಕಡೆಗೆ ಅಲ್ಲಾಡಿಸಿ, ಆಮೇಲೆ ಬಿಚ್ಚುವ ಕಡೆಗೆ.

ಶಿರಾ_ರೋಡ್

ಮೇಡಂ, ಮುಚ್ಚಳದ ಫೋಟೋ ಹಾಕಿ. ನಾನೂ ನಮ್ಮ ಮಾವನ ಫಿಯೆಟ್ ಬಾನೆಟ್ ತೆಗೆದು ನೋಡಬೇಕು ಅಂದುಕೊಂಡಿದ್ದೇನೆ. ಹೆಗ್ಗೆರೆ ಹತ್ತಿರ ತೋಟದಲ್ಲಿ ನಿಂತಿದೆ.

ಗುಬ್ಬಿಗೇಟ್_ಫಿಯೆಟ್

ಖಂಡಿತ ಹಾಕುತ್ತೇನೆ. ಒಂದು ಸಣ್ಣ ಸಾಮಾನು ಮಾತ್ರ ಸಿಗುತ್ತಿಲ್ಲ. ಬ್ಯಾಟರಿ ಹಿಡಿದುಕೊಳ್ಳುವ ಕಬ್ಬಿಣದ ಪಟ್ಟಿಯ ಕೆಳಗೆ ಕೂರುವ ರಬ್ಬರ್ ತುಂಡು. ಬೆಂಗಳೂರಿನ ಶಿವಾಜಿನಗರದ ಗುಜರಿಯಲ್ಲೂ ವಿಚಾರಿಸಿ ನೋಡಿದೆ.

ಶಿರಾ_ರೋಡ್

ಮಾವನ ಕಾರಿನಲ್ಲಿ ಇದ್ದರೆ ಅಳತೆ ತೆಗೆದು ಹೇಳುತ್ತೇನೆ. ಅಳತೆ ಸಿಕ್ಕರೆ ಹಳೇ ಟೈರಿನಲ್ಲಿ ಎರಡು ಕತ್ತರಿಸೋಣ, ನಿಮಗೊಂದು, ಅವರಿಗೊಂದು. ಈ ಭಾನುವಾರ ಹೋಗುತ್ತೇನೆ.